ಎರಡಂಗುಲದ ಸವಾರರು

ಇಂಗ್ಲೆಂಡಿನ ಸಿರಿವಂತರ ಮನೆಯೊಂದರಲ್ಲಿ, ಮಕ್ಕಳ ಕೋಣೆಯ ನೆಲದ ಮೇಲೆ, ಒಂದು ಸೈನ್ಯ ಯುದ್ಧಸನ್ನದ್ಧವಾಗಿ ನಿಂತಿತ್ತು. ಸೈನಿಕರ ಸಂಖ್ಯೆ ಸುಮಾರು 1500. ಎಲ್ಲರೂ ಒಂದೇ ಅಳತೆಯವರು, ಎಲ್ಲರೂ ಬ್ರಿಟಿಷರು. ಪದಾತಿಯ ಒಂದು ಡಿವಿಷನ್, ಅದರ ಬೆಂಬಲಕ್ಕೆ ಅಶ್ವದಳ, ಹಿಂದೆ 18 ತೋಪುಗಳು. ಅಂದು ಈ ಸೈನ್ಯದ ತನಿಖೆಗೆ ಬಂದವರು ಮನೆಯ ಯಜಮಾನರಾದ ಲಾರ್ಡ್ ರಾಂಡಾಲ್ಫ್ ಚರ್ಚಿಲ್. 20 ನಿಮಿಷಗಳ ಕಾಲ ವ್ಯೂಹವನ್ನು ನಿರುಕಿಸಿ ನೋಡಿದ ಅವರು ಕೊನೆಗೆ ಮಗನನ್ನು ಕೇಳಿದ್ದು ಒಂದೇ ಮಾತು: ಸೈನ್ಯಕ್ಕೆ ಸೇರಲು ಇಷ್ಟವಿದೆಯೇ? ಹುಡುಗ ಒಡನೆಯೇ ಹೌದೆಂದ. ತಂದೆ ತನ್ನಲ್ಲಿ ಸೇನಾಪತಿಯ ಪ್ರತಿಭೆಯನ್ನು ಗುರುತಿಸಿದರೆಂದು ಅವನು ಎಷ್ಟೋ ವರ್ಷ ನಂಬಿದ್ದ. ವಕೀಲಿಗೆ ಬೇಕಾದಷ್ಟು ಬುದ್ಧಿ ಇವನಿಗಿಲ್ಲವೆಂಬುದೇ ತಂದೆಯ ನಿರ್ಣಯವಾಗಿತ್ತೆಂದು ಆಮೇಲೆ ತಿಳಿಯಿತು! ಆ ಹುಡುಗ ವಿನ್‌ಸ್ಟನ್ ಚರ್ಚಿಲ್. 1896ರಲ್ಲಿ ಅವನು ಕುದುರೆ ಪಡೆಯ ಕಿರಿಯ ಅಧಿಕಾರಿಯಾಗಿ ಬೆಂಗಳೂರಿನ ದಂಡಿಗೆ ಬಂದಿಳಿದನಲ್ಲ, ಆ ಪ್ರಯಾಣ ಆರಂಭವಾದದ್ದು ಈ ಆಟದ ನೆಲದ ಮೇಲೆ.

1930ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಚರ್ಚಿಲ್ ಇನ್ನೊಂದು ಸಂಗತಿಯನ್ನೂ ನಗುನಗುತ್ತಲೇ ಹೇಳಿದ್ದಾನೆ. ಎದುರಾಳಿ ಸೈನ್ಯಕ್ಕೆ ಅವನ ತಮ್ಮ ಜ್ಯಾಕ್ ನಾಯಕ. ಆದರೆ ತಮ್ಮನಿಗೆ ಅಣ್ಣ ವಿಧಿಸಿದ ಕರಾರು ಇದು: ಅವನ ಪಾಳೆಯದಲ್ಲಿ ಇರತಕ್ಕವರು ಬಿಳಿಯರಲ್ಲದ ಸಿಪಾಯಿಗಳು ಮಾತ್ರ, ಅವರಿಗೆ ತೋಪುಗಳಿಲ್ಲ.

ಮಕ್ಕಳ ಆಟದ ಕರಾರೆಂದು ನಕ್ಕು ಬಿಡಬಹುದು. ಆದರೆ ಹಿರಿಯರ ಲೋಕದಲ್ಲಿಯೂ ಕರಾರು ಬೇರೆಯಾಗಿರಲಿಲ್ಲ. 1857ರ ಮಹಾದಂಗೆಯ ಬಳಿಕ, ಬೆಟ್ಟಪ್ರದೇಶದ ಹಗುರ ತೋಪುಗಳ ಕೆಲವು ದಳಗಳನ್ನು ಬಿಟ್ಟರೆ, ಭಾರತೀಯ ಸಿಪಾಯಿಗಳ ಕೈಗೆ ತೋಪು ಕೊಡಬಾರದೆಂಬುದು ಬ್ರಿಟಿಷ್ ಸರ್ಕಾರದ ನೀತಿಯಾಗಿತ್ತು. ಸಾಮ್ರಾಜ್ಯದ ಕಾಯಿದೆ ಮಕ್ಕಳ ಕೋಣೆಯ ನೆಲಕ್ಕೆ ಇಳಿದು ಬಂದಿತ್ತು, ಅಷ್ಟೆ. ಆಟದ ಸಿಪಾಯಿ ನಿರುಪದ್ರವಿಯಾದ ವಸ್ತುವಾಗಿರಬಹುದು; ಅರ್ಥವಿಲ್ಲದ ವಸ್ತುವಂತೂ ಅಲ್ಲ. ಯಾರು ಯಾರನ್ನು ಎಷ್ಟು ಎತ್ತರದಿಂದ ನೋಡಿದರು ಎಂಬ ಲೆಕ್ಕ ಅದರ ಎರಡಂಗುಲದ ಮೈಯಲ್ಲಿ ಅಡಗಿರುತ್ತದೆ. ಏಷ್ಯ ಖಂಡದ ಯೋಧರ ಕಿರುಬೊಂಬೆಗಳನ್ನು ಕೂಡಿಸಿ, ಜೋಡಿಸಿ, ಛಾಯಾಚಿತ್ರ ತೆಗೆಯುವ ಹವ್ಯಾಸದ ಸ್ವಾರಸ್ಯವೂ ಇಲ್ಲಿಯೇ ಇದೆ.

ಟೊಳ್ಳು ಮೈಯ ಸಿಪಾಯಿ

ಹದಿನೆಂಟನೆಯ ಶತಮಾನದಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಪಟ್ಟಣದ ಕುಶಲಕರ್ಮಿಗಳು ತವರದಲ್ಲಿ ಸಿಪಾಯಿಗಳನ್ನು ಎರಕ ಹೊಯ್ಯುತ್ತಿದ್ದರು. ಅವು ಚಪ್ಪಟೆ ಬೊಂಬೆಗಳು. ಪಕ್ಕದಿಂದ ನೋಡಿದರೆ ಸಿಪಾಯಿ, ಎದುರಿನಿಂದ ನೋಡಿದರೆ ಒಂದು ಗೆರೆ. ಮುಂದೆ ದುಂಡಗಿನ, ಗಟ್ಟಿ ಮೈಯ ಸೀಸದ ಸಿಪಾಯಿಗಳು ಬಂದರು. ಅವರು ನೋಡಲು ಚೆನ್ನ, ಆದರೆ ತೂಕವೂ ಹೆಚ್ಚು, ಬೆಲೆಯೂ ಹೆಚ್ಚು. 1893ರಲ್ಲಿ ಲಂಡನ್ನಿನ ಆಟಿಕೆ ತಯಾರಕರ ಮನೆತನದ ವಿಲಿಯಂ ಬ್ರಿಟನ್ ಎಂಬಾತ ಒಂದು ಉಪಾಯವನ್ನು ರೂಢಿಗೆ ತಂದ. ಕರಗಿದ ಸೀಸದ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದೊಡನೆ ಅಚ್ಚಿನ ಗೋಡೆಗೆ ತಗಲಿದ ಪದರವಷ್ಟೇ ಮೊದಲು ಹೆಪ್ಪುಗಟ್ಟುತ್ತದೆ. ಆ ಕ್ಷಣದಲ್ಲಿ ಅಚ್ಚನ್ನು ಬಗ್ಗಿಸಿದರೆ ಒಳಗಿನ ದ್ರವವೆಲ್ಲ ಒಂದು ಸಣ್ಣ ತೂತಿನ ಮೂಲಕ ಹೊರಕ್ಕೆ ಹರಿದುಹೋಗುತ್ತದೆ. ಉಳಿಯುವುದು ಟೊಳ್ಳು ಮೈಯ ಹಗುರವಾದ ಸಿಪಾಯಿ. ಲೋಹ ಉಳಿಯಿತು, ಬೆಲೆ ಇಳಿಯಿತು. ಶ್ರೀಮಂತರ ಆಟಿಕೆ ನಡುತರಗತಿಯ ಮನೆಗಳ ಹೊಸಲು ದಾಟಿ ಒಳಗೆ ಬಂದಿತು.

ಬ್ರಿಟನ್ ಸಿಪಾಯಿಯ ಎತ್ತರ 54 ಮಿಲಿಮೀಟರು, ಎಂದರೆ ಎರಡಂಗುಲಕ್ಕಿಂತ ತುಸು ಹೆಚ್ಚು. ಐದಡಿ ಎಂಟಂಗುಲದ ಮನುಷ್ಯನನ್ನು 32 ಪಾಲು ಮಾಡಿ ಒಂದು ಪಾಲನ್ನು ತೆಗೆದುಕೊಂಡರೆ ಬರುವ ಅಳತೆ ಇದೇ. ಮುಂದೆ ಲೋಕದ ಬಹುಪಾಲು ಸಂಗ್ರಾಹಕರಿಗೆ ಇದೇ ಮೂಲಮಾನವಾಯಿತು. ಕೆಂಪು ಕಾಗದ ಹೊದಿಸಿದ ರಟ್ಟಿನ ಪೆಟ್ಟಿಗೆಗಳಲ್ಲಿ ದಳದಳವಾಗಿ ಬರುತ್ತಿದ್ದ ಈ ಸಿಪಾಯಿಗಳ ನಡುವೆ ಭಾರತದವರಿಗೆ ಬಹು ಬೇಗ ಸ್ಥಾನ ದೊರೆಯಿತು. ಬಂಗಾಳದ ಭರ್ಜಿ ಸವಾರರು, ಮದರಾಸಿನ ಸವಾರರು, ಮದರಾಸಿನ ಪದಾತಿಗಳು, ಹಳದಿ ಅಂಗಿಯ ಸ್ಕಿನ್ನರ್ ಕುದುರೆ ಪಡೆ, ಹೀಗೆ. 1904-05ರಲ್ಲಿ ರಷ್ಯಕ್ಕೂ ಜಪಾನಿಗೂ ಯುದ್ಧ ನಡೆದಾಗ ಜಪಾನೀ ಪದಾತಿಗಳೂ ಸವಾರರೂ ಅಂಗಡಿಯ ಕಿಟಕಿಗೆ ಬಂದರು. ಪತ್ರಿಕೆಯಲ್ಲಿ ಸುದ್ದಿ, ಪೆಟ್ಟಿಗೆಯಲ್ಲಿ ಸಿಪಾಯಿ! ಲೋಕದಲ್ಲಿ ಎಲ್ಲಿ ಯುದ್ಧವಾದರೂ ಆಟಿಕೆಯ ವ್ಯಾಪಾರಿಗೆ ಒಂದು ಹೊಸ ಪೆಟ್ಟಿಗೆ ಸಿದ್ಧವಾಗುತ್ತಿತ್ತು.

ಈ ಸವಾರರ ಅಂದಕ್ಕೆ ಸೋಲದವರಿಲ್ಲ. ಆದರೆ ಸಾಲಾಗಿ ನಿಲ್ಲಿಸಿ ನೋಡಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಅಂಗಿಯ ಬಣ್ಣ ಬೇರೆ, ಮುಂಡಾಸಿನ ಬಣ್ಣ ಬೇರೆ, ನಡುಕಟ್ಟಿನ ಬಣ್ಣ ಬೇರೆ. ಮುಖ ಮಾತ್ರ ಒಂದೇ. ಬಂಗಾಳದವನಿಗೂ ಮದರಾಸಿನವನಿಗೂ ಅದೇ ಕಂದು ಬಣ್ಣದ ಒಂದು ಸುತ್ತು, ಕಣ್ಣಿಗೆ ಎರಡು ಚುಕ್ಕೆ. ಬ್ರಿಟಿಷ್ ಸಿಪಾಯಿಗಳಿಗೂ ಅದೇ ಚುಕ್ಕೆಗಳೇ ಎಂಬುದು ನಿಜ. ಅಗ್ಗದ ಆಟಿಕೆಯಲ್ಲಿ ಇದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಲಾಗದು. ಆದರೆ ಲಂಡನ್ನಿನ ಹುಡುಗನಿಗೆ ಬ್ರಿಟಿಷ್ ಸಿಪಾಯಿಯ ಮುಖ ಬೀದಿಯಲ್ಲಿಯೇ ಕಾಣಸಿಗುತ್ತಿತ್ತು. ಭಾರತದ ಸವಾರನ ವಿಷಯದಲ್ಲಿ ಅವನಿಗೆ ದೊರೆತದ್ದು ಆ ಎರಡು ಚುಕ್ಕೆಗಳೇ.

ಏಷ್ಯದ ಅಂಗಳದಲ್ಲಿ

ಹಾಗಾದರೆ ಚಿಕ್ಕ ಸೈನಿಕನನ್ನು ಕಲ್ಪಿಸಿದವರು ಐರೋಪ್ಯರೇ? ಖಂಡಿತ ಅಲ್ಲ. 1965ರಲ್ಲಿ ಚೀನದ ಷಾನ್ಸಿ ಪ್ರಾಂತದ ಯಾಂಗ್‌ಜಿಯಾವಾನ್ ಎಂಬಲ್ಲಿ, ಹಾನ್ ವಂಶದ ಕಾಲದ ಸಮಾಧಿಯ ಬಳಿ, ಮಣ್ಣಿನಡಿಯಿಂದ ಒಂದು ಸೈನ್ಯವೇ ಎದ್ದು ಬಂದಿತು. ಪದಾತಿಗಳೂ ಸವಾರರೂ ಸೇರಿ 2500ಕ್ಕೆ ಮಿಕ್ಕಿದ ಮಣ್ಣಿನ ಬೊಂಬೆಗಳು; ಪದಾತಿಗಳ ಎತ್ತರ ಸುಮಾರು ಅರ್ಧ ಮೀಟರು. ಎರಡು ಸಾವಿರ ವರ್ಷಗಳ ಹಿಂದೆಯೇ, ಸತ್ತ ದಂಡನಾಯಕನ ಕಾವಲಿಗೆಂದು, ಚೀನೀ ಕುಂಬಾರರು ಸೈನ್ಯವನ್ನು ಕಿರಿದುಗೊಳಿಸಿ ಜೋಡಿಸಿದ್ದರು.

ಅದಕ್ಕೂ ಮೊದಲಿನದು ಆಳೆತ್ತರದ ಸೈನ್ಯ. 1974ರಲ್ಲಿ ಷಿಯಾನ್ ನಗರದ ಸಮೀಪ ಬಾವಿ ತೋಡುತ್ತಿದ್ದ ರೈತರ ಗುದ್ದಲಿಗೆ ಸಿಕ್ಕಿದ, ಚಕ್ರವರ್ತಿ ಚಿನ್ ಷಿಹ್ವಾಂಗನ ಮಣ್ಣಿನ ಯೋಧರ ಕಥೆಯನ್ನು ಕೇಳದವರಿಲ್ಲ. ಕಿರುಬೊಂಬೆಯ ಹವ್ಯಾಸಿ ಅಲ್ಲಿ ಕಲಿಯಬೇಕಾದ ಪಾಠ ಒಂದಿದೆ. ಆ ಯೋಧರ ಮುಖಗಳನ್ನೂ ಕೆಲವೇ ಅಚ್ಚುಗಳಿಂದ ತೆಗೆದದ್ದು. ಆದರೆ ಅಚ್ಚಿನಿಂದ ಹೊರಬಂದ ಮೇಲೆ ಹಸಿಮಣ್ಣಿನ ಮೇಲೆ ಕೈ ಆಡಿಸಿ, ಒಬ್ಬನಿಗೆ ಮೀಸೆ ತಿರುವಿ, ಒಬ್ಬನ ಹುಬ್ಬು ಗಂಟಿಕ್ಕಿಸಿ, ಮತ್ತೊಬ್ಬನ ಜಡೆಯನ್ನು ಬೇರೆ ಬಗೆಯಲ್ಲಿ ಸುತ್ತಿ, ಒಬ್ಬ ಇನ್ನೊಬ್ಬನಂತಾಗದ ಹಾಗೆ ಕುಶಲಿಗಳು ನೋಡಿಕೊಂಡರು. ಅಚ್ಚು ದೋಷವಲ್ಲ; ಅಚ್ಚಿನ ಬಳಿಕ ಕೈ ಆಡದಿರುವುದು ದೋಷ.

ಜಪಾನಿನಲ್ಲಿ ಯೋಧರ ಬೊಂಬೆ ಸಮಾಧಿಯೊಳಗಿನದಲ್ಲ, ಮನೆಯೊಳಗಿನದು. ವರ್ಷಕ್ಕೊಮ್ಮೆ, ಮೇ 5ರಂದು, ಗಂಡುಮಕ್ಕಳಿರುವ ಮನೆಗಳಲ್ಲಿ ಕವಚ ತೊಟ್ಟ ಸಾಮುರಾಯ್ ಬೊಂಬೆಗಳನ್ನೋ, ಕಿರಿದಾದ ಕವಚ ಶಿರಸ್ತ್ರಾಣಗಳನ್ನೋ ಜೋಡಿಸುತ್ತಾರೆ. ಪಕ್ಕದಲ್ಲಿ ಕತ್ತಿಯಲಗಿನಂಥ ಎಲೆಯ ಷೋಬು ಎಂಬ ಜಲಸಸ್ಯವನ್ನು ಇಡುವ ವಾಡಿಕೆಯುಂಟು. ಶೌರ್ಯವನ್ನು ಗೌರವಿಸುವುದು ಎಂಬರ್ಥದ ಮಾತಿಗೂ ಅದೇ ಉಚ್ಚಾರಣೆ. ಶ್ಲೇಷೆಯ ಆನಂದಕ್ಕಾಗಿಯೇ ಎಲೆ ಹಬ್ಬದೊಳಗೆ ಬಂದಿತು. 1948ರಲ್ಲಿ ಸರ್ಕಾರ ಈ ದಿನವನ್ನು ಎಲ್ಲ ಮಕ್ಕಳ ದಿನವೆಂದು ಸಾರಿತು. ಮಾರ್ಚ್ 3ರಂದು ಹೆಣ್ಣುಮಕ್ಕಳ ಹಬ್ಬ. ಆಗ ಕೆಂಪು ಬಟ್ಟೆ ಹಾಸಿದ ಮೆಟ್ಟಿಲುಗಳ ಮೇಲ್ತುದಿಯಲ್ಲಿ ರಾಜ ರಾಣಿಯರು, ಕೆಳಗೆ ಪರಿವಾರದವರು ಕುಳಿತಿರುತ್ತಾರೆ.

ಇಷ್ಟು ಓದಿದೊಡನೆ ಮೈಸೂರು ಸೀಮೆಯ ಗೃಹಿಣಿಯ ತುಟಿಯ ಮೇಲೆ ಕಿರುನಗೆ ಮೂಡಿರಬೇಕು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು, ಕೆಳಗೆ ದೇವಾನುದೇವತೆಗಳು, ಇನ್ನೂ ಕೆಳಗೆ ದಿನಸಿಯ ಅಂಗಡಿ ಹೂಡಿದ ಶೆಟ್ಟಿ ದಂಪತಿಗಳು, ನೆಲದ ಮೇಲೆ ಆನೆ ಕುದುರೆ ಕಾಲಾಳುಗಳ ಜಂಬೂ ಸವಾರಿ! ನವರಾತ್ರಿಯ ಗೊಂಬೆ ಕೂರಿಸುವುದು ಪೂಜೆಯೂ ಹೌದು, ಕಲೆಯೂ ಹೌದು. ಇತರ ದೇಶಗಳ ಸಂಗ್ರಾಹಕರು ಪುಸ್ತಕ ಓದಿ ಕಲಿಯುವ ಜೋಡಣೆಯ ವಿದ್ಯೆ ಇಲ್ಲಿ ಅಜ್ಜಿಯಿಂದ ಮೊಮ್ಮಗಳಿಗೆ ಸದ್ದಿಲ್ಲದೆ ಇಳಿದು ಬಂದಿದೆ.

ಕೂಡಿಸುವ ಬಗೆ

ಸಂಗ್ರಹವೆಂದರೆ ಕಂಡದ್ದನ್ನೆಲ್ಲ ತಂದು ತುಂಬುವುದಲ್ಲ. ಒಂದು ಕಾಲ, ಒಂದು ದೇಶ, ಸಾಧ್ಯವಾದರೆ ಒಂದು ಪಡೆ ಎಂದು ಎಲ್ಲೆ ಹಾಕಿಕೊಂಡವನೇ ಜಾಣ. ಇಂದು ಈ ಕ್ಷೇತ್ರದಲ್ಲಿ ಆಯ್ಕೆಗೆ ಕೊರತೆಯಿಲ್ಲ. ಜಪಾನಿನ ಷಿಜುವೊಕಾ ನಗರದ ತಮಿಯಾ ಸಂಸ್ಥೆ 1968ರಿಂದ ಮೂವತ್ತೈದನೆಯ ಒಂದು ಅಳತೆಯ ಪ್ಲಾಸ್ಟಿಕ್ ಸೈನಿಕರನ್ನು ಬಿಡಿಭಾಗಗಳ ರೂಪದಲ್ಲಿ ಮಾರುತ್ತಾ ಬಂದಿದೆ. ಅಂಟಿಸಿ ಬಣ್ಣ ಹಚ್ಚುವ ಕೆಲಸ ಕೊಂಡವರದು. ಹಾಂಗ್‌ಕಾಂಗಿನಲ್ಲಿ ಬಣ್ಣ ಹಚ್ಚಿದ ಲೋಹದ ಬೊಂಬೆಗಳ ತಯಾರಿಕೆ 1980ರ ದಶಕದಿಂದ ಬೆಳೆದಿದೆ. ಹಳೆಯ ಬ್ರಿಟನ್ ಕಾರ್ಖಾನೆಯ ಸೀಸದ ಸಿಪಾಯಿಗಳ ಕಾಲವಾದರೋ 1966ರಲ್ಲಿ ಮುಗಿಯಿತು. ಮಕ್ಕಳ ಕೈಗೆ ಸೀಸ ಸಲ್ಲದೆಂಬ ಅರಿವೂ ಅಗ್ಗದ ಪ್ಲಾಸ್ಟಿಕ್ಕಿನ ಪೈಪೋಟಿಯೂ ಸೇರಿ ಅದನ್ನು ಮುಗಿಸಿದವು. ಹಳೆಯ ಪೆಟ್ಟಿಗೆಗಳಿಗೆ ಇಂದು ಹರಾಜಿನಲ್ಲಿ ಬೆಲೆ ಏರಲು ಇದೂ ಒಂದು ಕಾರಣ.

ಹಳೆಯದನ್ನು ಕೊಳ್ಳುವವರು ಮೂರು ಮಾತುಗಳನ್ನು ನೆನಪಿನಲ್ಲಿಡಬೇಕು. ಮೊದಲನೆಯದು, ಬೊಂಬೆಯ ಅಡಿಪೀಠದ ಮೇಲೋ ಕುದುರೆಯ ಹೊಟ್ಟೆಯ ಕೆಳಗೋ ಮೂಡಿಸಿರುವ ತಾರೀಖನ್ನು ನೋಡಿ ಮೋಸಹೋಗಬಾರದು. ಅದು ಆ ವಿನ್ಯಾಸದ ಹಕ್ಕನ್ನು ದಾಖಲು ಮಾಡಿಸಿದ ದಿನ. ಬೊಂಬೆ ಎರಕವಾದದ್ದು ಅದಕ್ಕಿಂತ ಎಷ್ಟೋ ವರ್ಷಗಳ ತರುವಾಯ ಇದ್ದೀತು. ಎರಡನೆಯದು, ಮಾಸಿದ ಬಣ್ಣಕ್ಕೆ ಹೊಸ ಬಣ್ಣ ಹಚ್ಚಬಾರದು. ನೂರು ವರ್ಷಗಳ ಹಿಂದೆ ಯಾರೋ ಹೆಣ್ಣುಮಗಳು ಕುಂಚದಿಂದ ಎಳೆದ ಗೆರೆ ಅದು. ಅಳಿಸಿದರೆ ಮತ್ತೆ ಬಾರದು. ಮೂರನೆಯದು, ಹಳೆಯ ಗಾಯಕ್ಕೆ ಹೇಸಬಾರದು. ಟೊಳ್ಳು ಸಿಪಾಯಿಯ ತಲೆ ಕಳಚಿ ಬೀಳುವುದು ಬಹು ಸಾಮಾನ್ಯ. ಕತ್ತಿನ ತೂತಿಗೆ ಬೆಂಕಿಕಡ್ಡಿಯ ಚೂರನ್ನು ಸಿಕ್ಕಿಸಿ ತಲೆಯನ್ನು ಮತ್ತೆ ಕೂರಿಸುವುದು ಅಂದಿನ ಮಕ್ಕಳ ಶಸ್ತ್ರಚಿಕಿತ್ಸೆಯಾಗಿತ್ತು. ಅಂಥ ಸಿಪಾಯಿಗೆ ಪೇಟೆಯಲ್ಲಿ ಬೆಲೆ ಕಡಿಮೆ. ಆದರೆ ಅವನನ್ನು ಪ್ರೀತಿಸಿದ ಮಗುವೊಂದು ಇತ್ತೆಂಬುದಕ್ಕೆ ಆ ಕಡ್ಡಿಯೇ ಸಾಕ್ಷಿ.

ಬೊಂಬೆಯ ಬೆನ್ನು ಹಿಡಿದು ಹೋದವರಿಗೆ ವಿದ್ಯೆ ತಾನಾಗಿ ಒಲಿಯುತ್ತದೆ. ಅಮೆರಿಕದ ಆನ್ ಬ್ರೌನ್ ಎಂಬ ಮಹಿಳೆ 1930ರಲ್ಲಿ, ಮದುವೆಯಾದ ಹೊಸತರಲ್ಲಿ ಪತಿಯೊಡನೆ ಯೂರೋಪಿನ ಪ್ರವಾಸದಲ್ಲಿದ್ದಾಗ, ಆಟದ ಸಿಪಾಯಿಗಳನ್ನು ಕೊಳ್ಳತೊಡಗಿದರು. ಈ ಗುಂಡಿಯ ಬಣ್ಣ ಸರಿಯೇ, ಈ ಟೋಪಿ ಯಾವ ಪಡೆಯದು ಎಂಬ ಸಂದೇಹಗಳನ್ನು ಬಗೆಹರಿಸಿಕೊಳ್ಳಲು ಪುಸ್ತಕಗಳನ್ನು ಕೊಂಡರು, ಚಿತ್ರಗಳನ್ನು ಕೊಂಡರು. ಬೊಂಬೆಗಳ ಸಂಖ್ಯೆ 5000 ದಾಟಿತು. ಪುಸ್ತಕ ಚಿತ್ರಗಳ ರಾಶಿ ಅದನ್ನೂ ಮೀರಿ ಬೆಳೆಯಿತು. ಇಂದು ಅದು ಬ್ರೌನ್ ವಿಶ್ವವಿದ್ಯಾನಿಲಯದಲ್ಲಿ ಸೈನಿಕ ಇತಿಹಾಸದ ವಿದ್ವಾಂಸರು ಹುಡುಕಿಕೊಂಡು ಬರುವ ಭಂಡಾರ.

ಸ್ಕಿನ್ನರ್ ಪಡೆಯ ಹಳದಿ ಅಂಗಿಯನ್ನು ಕಂಡು, ಇದೇಕೆ ಹಳದಿ ಎಂದು ಕೇಳಿದವರಿಗೂ ಹಾಗೆಯೇ ಒಂದು ಕಥೆ ತೆರೆದುಕೊಳ್ಳುತ್ತದೆ. ಆ ಪಡೆಯನ್ನು 1803ರಲ್ಲಿ ಕಟ್ಟಿದ ಜೇಮ್ಸ್ ಸ್ಕಿನ್ನರನ ತಂದೆ ಸ್ಕಾಟ್ಲೆಂಡಿನವನು, ತಾಯಿ ರಜಪೂತ ಹೆಣ್ಣುಮಗಳು. ತಾಯಿ ಭಾರತೀಯಳೆಂಬ ಕಾರಣಕ್ಕೆ ಕಂಪನಿಯ ಸೈನ್ಯದಲ್ಲಿ ಅಧಿಕಾರಿಯ ಪದವಿ ದೊರೆಯದೆ ಅವನು ಮರಾಠರ ಸೈನ್ಯ ಸೇರಿದ್ದ. ಕೊನೆಗೆ ತನ್ನದೇ ಪಡೆ ಕಟ್ಟಿ, ಅದಕ್ಕೆ ತನ್ನ ಹೆಸರನ್ನೇ ಉಳಿಸಿಹೋದ. ಎರಡಂಗುಲದ ಅಂಗಿಯ ಮೇಲಿನ ಒಂದು ಬಣ್ಣ ಇಷ್ಟನ್ನು ಹೇಳಬಲ್ಲದು, ಕೇಳುವವರು ಬೇಕು.

ಮೆಟ್ಟಿಲ ಮೇಲೆ, ಗಾಜಿನ ಹಿಂದೆ

ಇನ್ನು ಜೋಡಣೆ. ಸೀಸದ ಬೊಂಬೆಗೆ ಶತ್ರು ಮಕ್ಕಳಲ್ಲ, ಮರ! ಮರದ ಕಪಾಟಿನಿಂದ, ಅದರಲ್ಲೂ ಓಕ್ ಮರದಿಂದ, ಕಣ್ಣಿಗೆ ಕಾಣದ ಆಮ್ಲದ ಆವಿ ಸದಾ ಹೊರಡುತ್ತಿರುತ್ತದೆ. ರಟ್ಟು, ಅಂಟುಗಳಿಂದಲೂ ಅಷ್ಟೆ. ಮುಚ್ಚಿದ ಕಪಾಟಿನೊಳಗೆ ಈ ಆವಿಯೂ ಮಳೆಗಾಲದ ತೇವವೂ ಕೂಡಿದರೆ ಸೀಸದ ಮೈಮೇಲೆ ಬೂದುಬಿಳಿಯ ಹುಡಿ ಏಳುತ್ತದೆ. ಬಣ್ಣದ ಕೆಳಗಿನಿಂದಲೇ ಲೋಹ ಹುಡಿಯಾಗುತ್ತ ಹೋಗಿ, ಕೊನೆಗೊಂದು ದಿನ ಸಿಪಾಯಿ ನಿಂತಲ್ಲಿಯೇ ಕುಸಿಯುತ್ತಾನೆ. ಆದುದರಿಂದ ಗಾಜು ಮತ್ತು ಲೋಹದ ಕಪಾಟು ಲೇಸು. ಗಾಳಿಯಾಡಲು ಸ್ವಲ್ಪ ಸಂದಿ ಇರಲಿ. ತೇವ ಹೀರುವ ಸಿಲಿಕಾ ಹರಳಿನ ಪೊಟ್ಟಣವೊಂದು ಮೂಲೆಯಲ್ಲಿರಲಿ. ಹಳೆಯ ರಟ್ಟಿನ ಪೆಟ್ಟಿಗೆಗೂ ಬೆಲೆಯುಂಟು, ಅದನ್ನು ಎಸೆಯಬಾರದು. ಆದರೆ ಸಿಪಾಯಿಗಳನ್ನು ಅದರೊಳಗೇ ವರ್ಷಗಟ್ಟಲೆ ಮಲಗಿಸಬಾರದು. ಧೂಳು ತೆಗೆಯಲು ಮೆತ್ತನೆಯ ಒಣ ಕುಂಚ ಸಾಕು. ಸೀಸ ವಿಷವಸ್ತು, ಹಳೆಯ ಬಣ್ಣದಲ್ಲಿಯೂ ಸೀಸವಿರುವುದುಂಟು. ಮುಟ್ಟಿದ ಮೇಲೆ ಕೈ ತೊಳೆಯಲೇಬೇಕು. ಎಳೆಯ ಮಕ್ಕಳ ಕೈಗೆ, ಬಾಯಿಗೆ ಅದು ಸಿಗಲೇಬಾರದು. ಮಕ್ಕಳಿಗೆ ಆಡಲು ಪ್ಲಾಸ್ಟಿಕ್ಕಿನ ಪಡೆ ಸಾಲದೇ?

ಜೋಡಿಸುವ ಕ್ರಮದಲ್ಲಿ ಗೊಂಬೆ ಹಬ್ಬದ ಪಾಠಗಳೇ ಸಾಕು. ಹಿಂದಿನ ಸಾಲು ಮುಂದಿನದಕ್ಕಿಂತ ಎತ್ತರದಲ್ಲಿರಬೇಕು, ಯಾರ ಮುಖವೂ ಮರೆಯಾಗಬಾರದು. ಎಲ್ಲವನ್ನೂ ಒಮ್ಮೆಗೇ ಹರಡುವುದಕ್ಕಿಂತ ಹನ್ನೆರಡು ಬೊಂಬೆಗಳಿಂದ ಒಂದು ಸನ್ನಿವೇಶ ಕಟ್ಟುವುದು ಮೇಲು. ಯೋಧರೆಂದ ಮಾತ್ರಕ್ಕೆ ಅವರು ಸದಾ ಕಾದಾಡುತ್ತಲೇ ಇರಬೇಕಾಗಿಲ್ಲ. ನೀರು ಕುಡಿಯುವ ಕುದುರೆ, ಮುಂಡಾಸು ಸುತ್ತಿಕೊಳ್ಳುವ ಸವಾರ, ಬೆಂಕಿಯ ಸುತ್ತ ಕುಳಿತ ನಾಲ್ವರು, ಇಂಥ ನೋಟಗಳು ಕದನದ ನೋಟಕ್ಕಿಂತ ಹೆಚ್ಚು ಹೊತ್ತು ಕಣ್ಣನ್ನು ಹಿಡಿದು ನಿಲ್ಲಿಸುತ್ತವೆ.

ಇದು ಯುದ್ಧದ ವೈಭವೀಕರಣವಲ್ಲವೇ ಎಂದು ಮನೆಯ ಹಿರಿಯರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಪ್ರಸಿದ್ಧ ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ ಆಟದ ಸಿಪಾಯಿಗಳ ಯುದ್ಧಕ್ಕೆ ನಿಯಮಗಳನ್ನು ರಚಿಸಿ 'ಲಿಟಲ್ ವಾರ್ಸ್' ಎಂಬ ಪುಸ್ತಕ ಬರೆದ. ನೆಲದ ಮೇಲಿನ ಈ ಕಿರುಕಾಳಗವನ್ನು ಕಂಡವನಿಗೆ ನಿಜವಾದ ಮಹಾಯುದ್ಧ ಎಂಥ ಮೂರ್ಖತನವೆಂದು ಅರಿವಾಗುತ್ತದೆಂಬುದು ಅವನ ವಾದ. ಮರುವರ್ಷವೇ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಅವನ ಮಾತನ್ನು ಯಾರೂ ಕೇಳಲಿಲ್ಲ. ಬೊಂಬೆ ಯುದ್ಧವನ್ನು ಹೂಡುವುದೂ ಇಲ್ಲ, ತಡೆಯುವುದೂ ಇಲ್ಲ. ಕಾದಿದವರನ್ನು ನೆನೆಯಲು ಅದು ನೆರವಾದೀತು. ಆ ನೆನಪು ಯಾವ ಬಗೆಯದೆಂಬುದು ಜೋಡಿಸುವವರ ಮನೋಧರ್ಮಕ್ಕೆ ಬಿಟ್ಟದ್ದು.

ಕಣ್ಣಿನ ಎತ್ತರ

ಛಾಯಾಚಿತ್ರ ತೆಗೆಯುವಾಗ ಆ ಮನೋಧರ್ಮದ ಪರೀಕ್ಷೆಯಾಗುತ್ತದೆ. ಹೊಸಬರು ಮಾಡುವ ತಪ್ಪು ಒಂದೇ: ಮೇಜಿನ ಮೇಲೆ ಬೊಂಬೆಯನ್ನಿಟ್ಟು, ತಾವು ನಿಂತುಕೊಂಡು, ಮೇಲಿನಿಂದ ಚಿತ್ರ ತೆಗೆಯುವುದು. ಹೀಗೆ ತೆಗೆದ ಚಿತ್ರದಲ್ಲಿ ಕಾಣುವುದು ಮುಂಡಾಸಿನ ನೆತ್ತಿ, ಕುದುರೆಯ ಬೆನ್ನು, ಮೇಜಿನ ಹಲಗೆ. ಬೊಂಬೆ ಬೊಂಬೆಯಾಗಿಯೇ ಉಳಿಯುತ್ತದೆ. ಕ್ಯಾಮರಾದ ಕಣ್ಣನ್ನು ಬೊಂಬೆಯ ಕಣ್ಣಿನ ಮಟ್ಟಕ್ಕೆ, ಎಂದರೆ ನೆಲದಿಂದ ಎರಡಂಗುಲದಷ್ಟು ಎತ್ತರಕ್ಕೆ ಇಳಿಸಿ ನೋಡಬೇಕು. ಆಗ ಆಗುವ ಬದಲಾವಣೆ ಮಾಯೆಯಂತಿರುತ್ತದೆ. ಸವಾರನ ತಲೆ ಬಾನಿಗೆ ತಾಗುತ್ತದೆ. ಭರ್ಜಿ ನಿಜಕ್ಕೂ ಎತ್ತರವಾಗುತ್ತದೆ. ಕುದುರೆಯ ಎದೆ ನೋಡುವವನ ಎದುರಿಗೆ ಬಂದು ನಿಲ್ಲುತ್ತದೆ.

ಬೊಂಬೆಯನ್ನು ಮೇಜಿನ ಅಂಚಿನ ಬಳಿ ನಿಲ್ಲಿಸಿದರೆ ಕ್ಯಾಮರಾವನ್ನು ಕೆಳಕ್ಕಿಳಿಸಲು ಅನುಕೂಲ. ಮೊಬೈಲ್ ಫೋನಿನಲ್ಲಿ ತೆಗೆಯುವವರಿಗೆ ಇನ್ನೂ ಸುಲಭವಾದ ಉಪಾಯವಿದೆ: ಫೋನನ್ನು ತಲೆಕೆಳಗು ಮಾಡಿದರೆ ಅದರ ಕಣ್ಣು ಮೇಜಿಗೆ ತಾಗುವಷ್ಟು ಕೆಳಗೆ ಬರುತ್ತದೆ! ಫೋನಿನ ಕ್ಯಾಮರಾದ ಒಳಪರದೆ ಕಿರಿದಾದ್ದರಿಂದ ಹತ್ತಿರದ ವಸ್ತುವೂ ಅದರ ಹಿಂದಿನದೂ ಸ್ಫುಟವಾಗಿ ಮೂಡುವುದು ಇನ್ನೊಂದು ಲಾಭ. ದೊಡ್ಡ ಕ್ಯಾಮರಾ ಇರುವವರು ಬೆಳಕಿನ ರಂಧ್ರವನ್ನು ಎಫ್ 11ಕ್ಕೋ 16ಕ್ಕೋ ಕಿರಿದುಗೊಳಿಸಬೇಕು. ಇಲ್ಲವಾದರೆ ಸವಾರನ ಮೂಗು ಸ್ಪಷ್ಟ, ಕಿವಿ ಮಸಕು. ರಂಧ್ರ ಕಿರಿದಾದರೆ ಬೆಳಕು ಕಡಿಮೆ, ಬೆಳಕು ಕಡಿಮೆಯಾದರೆ ಹೆಚ್ಚು ಹೊತ್ತು ಕ್ಯಾಮರಾ ತೆರೆದಿರಬೇಕು. ಆದುದರಿಂದ ಮುಕ್ಕಾಲಿಯ ಆಧಾರ ಅನಿವಾರ್ಯ. ಕೈಯಿಂದ ಗುಂಡಿ ಒತ್ತಿದರೂ ಅಲುಗೀತು. ತಾನಾಗಿ ಚಿತ್ರ ತೆಗೆಯುವ ಟೈಮರನ್ನು ಬಳಸುವುದು ಲೇಸು.

ಬೆಳಕು ಕಿಟಕಿಯದಾಗಿರಲಿ, ಮೋಡ ಕವಿದ ಹಗಲಾದರೆ ಇನ್ನೂ ಒಳ್ಳೆಯದು. ಹಳೆಯ ಬೊಂಬೆಗಳ ಮಿರುಗುವ ಬಣ್ಣದ ಮೇಲೆ ಫ್ಲಾಷ್ ಬಿದ್ದರೆ ಮುಖವೆಲ್ಲ ಬಿಳಿಯ ಕಲೆಯಾಗುತ್ತದೆ. ನೆರಳಿನ ಕಡೆಗೆ ಒಂದು ಬಿಳಿಯ ರಟ್ಟನ್ನು ನಿಲ್ಲಿಸಿದರೆ ಅಲ್ಲಿಂದ ಚಿಮ್ಮಿದ ಬೆಳಕು ಮುಂಡಾಸಿನ ಕೆಳಗಿನ ಕತ್ತಲೆಯನ್ನು ತಿಳಿಗೊಳಿಸುತ್ತದೆ. ಹಿಂದೆ ಎರಡಡಿ ದೂರದಲ್ಲಿ ತಿಳಿನೀಲಿಯ ಕಾಗದ ಹಿಡಿದರೆ ಅದೇ ಆಕಾಶ.

ನೆಲಕ್ಕೆ ಏನು ಹಾಕಬೇಕು? ಇಲ್ಲಿ ಸ್ವಲ್ಪ ಗಣಿತ ಬೇಕು. ಒಂದು ಮಿಲಿಮೀಟರಿನ ಮರಳಿನ ಕಾಳು ಈ ಸವಾರನ ಲೋಕದಲ್ಲಿ ಮೂರು ಸೆಂಟಿಮೀಟರಿಗೂ ಮಿಗಿಲಾದ ಜಲ್ಲಿಕಲ್ಲು! ಅಂಗಳದ ಮರಳಿನ ಮೇಲೆ ನಿಲ್ಲಿಸಿದರೆ ಅವನು ರಸ್ತೆ ರಿಪೇರಿಯ ನಡುವೆ ಸಿಕ್ಕಿಕೊಂಡವನಂತೆ ಕಾಣುತ್ತಾನೆ. ವಸ್ತ್ರಗಾಲಿತ ಮಾಡಿದ ಮಣ್ಣು ಉತ್ತಮ. ಚಿರೋಟಿ ರವೆಯೂ ಮರುಭೂಮಿಯಾಗಿ ಸಲ್ಲುತ್ತದೆ. ಆದರೆ ಇರುವೆಗಳು ದಂಡೆತ್ತಿ ಬರುವ ಮೊದಲು ಚಿತ್ರೀಕರಣ ಮುಗಿಯಬೇಕು, ಗೃಹಿಣಿ ಅಡಿಗೆಮನೆಗೆ ಬರುವ ಮೊದಲು ಡಬ್ಬಿ ಸ್ವಸ್ಥಾನ ಸೇರಬೇಕು. ಒಣಗಿಸಿದ ಚಹದ ಚರಟ ಉದುರೆಲೆಗಳ ಕೆಲಸ ಮಾಡುತ್ತದೆ.

ಹೀಗೆ ಎಲ್ಲವನ್ನೂ ಅಣಿಗೊಳಿಸಿ, ಮೈ ಬಗ್ಗಿಸಿ, ಒಂದು ಕಣ್ಣು ಮುಚ್ಚಿ, ಎರಡಂಗುಲದ ಸವಾರನ ಎದುರಿಗೆ ಬಂದಾಗ ನೋಡುವವನಿಗೆ ಹೊಳೆಯುವ ಸಂಗತಿ ಒಂದಿದೆ. ಈ ಸವಾರನನ್ನು ಇದುವರೆಗೆ ಈ ಎತ್ತರದಿಂದ ನೋಡಿದವರು ಕಡಮೆ. ಅವನನ್ನು ಮಾಡಿದವರು ಸಮವಸ್ತ್ರವನ್ನು ನೋಡಿದರು. ಆಡಿದ ಹುಡುಗರು ಮೇಲಿನಿಂದ ನೋಡಿದರು. ಆಳಿದವರು ಅವನ ಕೈಗೆ ತೋಪು ಕೊಡಬಾರದೆಂದು ಕಟ್ಟಳೆ ಮಾಡಿದರು.

ಇಷ್ಟಾದರೂ ಇತಿಹಾಸ ತನ್ನ ದಾರಿಯಲ್ಲಿಯೇ ನಡೆಯಿತು. 1918ನೆಯ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೀನಿನ ಹೈಫಾ ಪಟ್ಟಣದ ಎದುರಿಗೆ ಮೈಸೂರು ಮತ್ತು ಜೋಧಪುರ ಸಂಸ್ಥಾನಗಳ ಭರ್ಜಿ ಸವಾರರು ನಿಂತಿದ್ದರು. ಕಾರ್ಮೆಲ್ ಬೆಟ್ಟದ ಮೇಲೆ ಶತ್ರುಗಳ ತೋಪುಗಳು, ಮೆಷಿನ್ ಗನ್ನುಗಳು. ಸವಾರರ ಕೈಯಲ್ಲಿ ಭರ್ಜಿ, ಕತ್ತಿ. ಮೈಸೂರಿನವರು ಬೆಟ್ಟದ ಕಡಿದಾದ ಮೈಯನ್ನು ಹತ್ತಿ ತೋಪುಗಳ ಮೇಲೆ ಬಿದ್ದರು. ಜೋಧಪುರದವರು ಊರಿನೊಳಕ್ಕೆ ಕುದುರೆ ನುಗ್ಗಿಸಿದರು. ಅಂದೇ ಹೈಫಾ ಕೈವಶವಾಯಿತು. ಸಾವಿರಕ್ಕೂ ಮಿಕ್ಕ ಸೆರೆಯಾಳುಗಳು ಸಿಕ್ಕರು. ಮಕ್ಕಳ ಕೋಣೆಯಲ್ಲಿ ತೋಪು ನಿರಾಕರಿಸಲ್ಪಟ್ಟ ಸವಾರರು ರಣರಂಗದಲ್ಲಿ ತೋಪುಗಳನ್ನು ಗೆದ್ದು ತಂದರು. ಅವರ ನೆನಪಿಗೆ ಬೆಂಗಳೂರಿನ ಜೆ. ಸಿ. ನಗರದಲ್ಲಿ ಒಂದು ಸ್ಮಾರಕಸ್ತಂಭವಿದೆ. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ಮೂವರು ಯೋಧರ ಕಂಚಿನ ಪ್ರತಿಮೆಗಳಿವೆ. ಅವರಲ್ಲಿ ಒಬ್ಬ ಮೈಸೂರಿನವನು. 2018ರಲ್ಲಿ ಆ ವೃತ್ತದ ಹೆಸರಿಗೆ ಹೈಫಾ ಎಂಬುದೂ ಸೇರಿತು. ಇನ್ನು ತೋಪಿನ ಕಟ್ಟಳೆ? ಭಾರತೀಯರದೇ ಆದ ಮೊದಲ ಮೈದಾನ ಫಿರಂಗಿ ದಳ 1935ನೆಯ ಜನವರಿ 15ರಂದು ಹುಟ್ಟಿತು. ಹುಟ್ಟಿದ್ದು ಬೇರೆಲ್ಲಿಯೂ ಅಲ್ಲ, ಚರ್ಚಿಲ್ ಒಂದು ಕಾಲಕ್ಕೆ ಕುದುರೆ ಏರಿ ಅಡ್ಡಾಡಿದ ಅದೇ ಬೆಂಗಳೂರಿನಲ್ಲಿ.

ಹೈಫಾದ ಸವಾರರನ್ನು ಬೊಂಬೆಯಾಗಿ ರೂಪಿಸಬಯಸುವ ಹವ್ಯಾಸಿಗೆ ಒಂದು ಎಚ್ಚರಿಕೆ. ಅವರಿಗೆ ದರ್ಬಾರಿನ ಬಣ್ಣಬಣ್ಣದ ಉಡುಪು ಬೇಡ. ಅಂದು ಅವರು ಧರಿಸಿದ್ದು ಧೂಳು ಬಣ್ಣದ ಖಾಕಿ. ಬಣ್ಣ ಅಷ್ಟು ಕಡಮೆಯಾದಾಗ ಬೊಂಬೆಯಲ್ಲಿ ನೋಡಲು ಉಳಿಯುವುದು ಮುಖವೊಂದೇ. ಎರಡು ಚುಕ್ಕೆ ಇಟ್ಟು ಎದ್ದುಬಿಡದೆ, ಒಬ್ಬನಿಗೆ ದಣಿವನ್ನು, ಒಬ್ಬನಿಗೆ ಅಂಜಿಕೆಯನ್ನು, ಮತ್ತೊಬ್ಬನಿಗೆ ಊರಿನ ನೆನಪನ್ನು ಕುಂಚದ ತುದಿಯಿಂದ ಕೊಡಲು ಸಾಧ್ಯವೇ ಎಂದು ಪ್ರಯತ್ನಿಸಬೇಕು. ಚೀನದ ಕುಂಬಾರರು ಎರಡು ಸಾವಿರ ವರ್ಷಗಳ ಹಿಂದೆ ಮಾಡಿದ ಕೆಲಸವೂ ಅದೇ. ಆಮೇಲೆ ಅವನನ್ನು ಕಿಟಕಿಯ ಬೆಳಕಿಗೆ ತಂದು, ಮೇಜಿನ ಅಂಚಿನಲ್ಲಿ ನಿಲ್ಲಿಸಿ, ಕ್ಯಾಮರಾವನ್ನು ಎರಡಂಗುಲದ ಎತ್ತರಕ್ಕೆ ಇಳಿಸಬೇಕು. ತೆಗೆದ ಚಿತ್ರವನ್ನು ಮನೆಯ ಮಕ್ಕಳು ನೋಡಿ, ಇವನು ಯಾರು ಎಂದು ಕೇಳಿದರೆ, ಪಟ್ಟ ಶ್ರಮ ಸಾರ್ಥಕ.